ಯಾರ ರೂಮಿನ ಟೆಂಪರೇಚರ್? ತಿಕೋಟಾ ಸೀಮೆಯ ಒಂದು ಮನೆ, ಎರಡು ಬಾಟ್ಲಿ ಪಿನೋ ನ್ವಾರ್

ಏಪ್ರಿಲ್ ತಿಂಗಳ ಎರಡನೇ ವಾರ. ನಮ್ಮ ಶೆಡ್ಡಿನಲ್ಲಿ ಒಣದ್ರಾಕ್ಷಿಯ ಕೊನೇ ಲಾಟ್ ಒಣಗುತ್ತಿತ್ತು. ಅದೇ ವಾರ ನ್ಯೂಜಿಲೆಂಡ್‌ನಲ್ಲಿ ಕೆಲಸಕ್ಕಿರುವ ಕಾಕಾನ ಮಗ, ನನಗೆ ತಮ್ಮ, ರಜೆಗೆ ಬಂದ. ಚೀಲದಲ್ಲಿ ಎರಡು ಬಾಟ್ಲಿ ಕೆಂಪು ವೈನ್, ಪಿನೋ ನ್ವಾರ್ ಅನ್ನೋ ದ್ರಾಕ್ಷಿ ತಳಿಯದ್ದು. ಸುಂಕ ಕಟ್ಟದೆ ಒಬ್ಬರು ಎರಡು ಲೀಟರ್ ತನಕ ತರಬಹುದು. ಇವನ ಎರಡು ಬಾಟ್ಲಿ ಸೇರಿ ಒಂದೂವರೆ ಲೀಟರ್, ಹಾಗಾಗಿ ತಕರಾರಿಲ್ಲದೆ ಬಂತು. ಬೆಂಗಳೂರಿನಿಂದ ಕಾರಿನಲ್ಲಿ ರಾತ್ರಿಯೆಲ್ಲ ಬಂದು, ಬೆಳಿಗ್ಗೆ ತಿಕೋಟಾ ಹತ್ತಿರದ ನಮ್ಮ ತೋಟದ ಮನೆ ಮುಟ್ಟಿದ.

ಮೊದಲ ಬಾಟ್ಲಿ ಅವತ್ತಿನ ಊಟವನ್ನೇ ಕೆಡಿಸಿತು. ಎರಡನೆಯದು, ಎಂಟು ದಿನ ಬಿಟ್ಟು, ಎಲ್ಲರೂ ಮತ್ತೆ ಮತ್ತೆ ಕೇಳಿ ಹಾಕಿಸಿಕೊಳ್ಳುವ ಹಾಗಾಯಿತು. ಒಂದೇ ವೈನ್, ಒಂದೇ ವರ್ಷದ್ದು, ಒಂದೇ ಚೀಲದಲ್ಲಿ ಬಂದದ್ದು. ನಡುವೆ ಏನು ಬದಲಾಯಿತು ಅನ್ನೋದೇ ಈ ಪ್ರಕರಣ.

ಮೊದಲ ರಾತ್ರಿ

ತಮ್ಮ ಬಂದಿದ್ದಾನೆ ಅಂದಮೇಲೆ ಮಟನ್ ಆಗಲೇಬೇಕು ಅಲ್ವಾ. ಸವಜಿ ಖಾನಾವಳಿಯಲ್ಲಿ ಸಿಗುತ್ತದಲ್ಲ, ಹಾಗೆ ಮಾಡಿಸಿದೆವು. ಮೇಲೆ ಕೆಂಪು ಎಣ್ಣೆ ತೇಲಬೇಕು, ತಿಂದವನ ನೆತ್ತಿ ಬೆವರಬೇಕು. ಪಕ್ಕಕ್ಕೆ ಬಿಸಿ ರೊಟ್ಟಿ, ಉಳ್ಳಾಗಡ್ಡಿ, ಕೆಂಪು ಮೆಣಸಿನಕಾಯಿಗೆ ಬೆಳ್ಳುಳ್ಳಿ ಹಾಕಿ ರುಬ್ಬಿದ ರಂಜಕ.

ವೈನ್ ಬಗ್ಗೆ ನಮ್ಮ ಮನೆಯಲ್ಲಿದ್ದ ತಿಳಿವಳಿಕೆ ಇಷ್ಟೇ: ಕೆಂಪು ವೈನ್ ಫ್ರಿಜ್‌ನಲ್ಲಿ ಇಡಬಾರದು, ರೂಮ್ ಟೆಂಪರೇಚರ್‌ನಲ್ಲಿ ಕುಡಿಯಬೇಕು. ಇದನ್ನು ಎಲ್ಲೋ ಓದಿ ಮನೆಮಂದಿಗೆಲ್ಲ ಹೇಳಿದವನು ನಾನೇ. ಬೆಳಿಗ್ಗೆಯಿಂದ ಬಾಟ್ಲಿಯನ್ನು ಹಾಲ್‌ನ ಅಲಮಾರಿ ಮೇಲೆ ನಿಲ್ಲಿಸಿದ್ದೆ. ವಿಜಯಪುರಕ್ಕೆ ಹೋಗಿ ಮೂರು ಅಂಗಡಿ ಸುತ್ತಿ ಕಾರ್ಕ್ ತೆಗೆಯುವ ಸ್ಕ್ರೂ ತಂದವನೂ ನಾನೇ. ತೆಗೆಯೋಣ ಅಂತ ನೋಡಿದರೆ ಬಾಟ್ಲಿಗೆ ಕಾರ್ಕೇ ಇಲ್ಲ, ತಿರುಗಿಸುವ ಮುಚ್ಚಳ! ಅಲ್ಲಿಯ ವೈನ್‌ಗಳಿಗೆ ಬಹುಪಾಲು ಇದೇ ಮುಚ್ಚಳವಂತೆ. 2001ರ ಸುಮಾರಿಗೆ ಅಲ್ಲಿನ ವೈನ್‌ನವರೇ ಒಂದುಗೂಡಿ ಕಾರ್ಕ್ ಬಿಟ್ಟು ಈ ಕಡೆ ಹೊರಳಿದರು.

ಸ್ಟೀಲ್ ಲೋಟಕ್ಕೆ ಹಾಕಿದೆವು. ಅಪ್ಪ ಒಂದು ಗುಟುಕು ಕುಡಿದು ಲೋಟದೊಳಗೆ ಇಣುಕಿ ನೋಡಿದ. "ಇದೇನೋ, ಕಷಾಯ ಕುಡದಂಗ ಆತಲ್ಲ. ಮೂಗಿಗೆ ಸ್ಪಿರಿಟ್ ಹೊಡಿತೈತಿ." ಮಟನ್ ಜೊತೆ ಇನ್ನೊಂದು ಗುಟುಕು ಹಾಕಿದ ಕಾಕಾನಿಗೆ ಬಾಯಿ ಉರಿ ಹತ್ತಿ, ಎದ್ದು ಹೋಗಿ ಎರಡು ಲೋಟ ಮಜ್ಜಿಗೆ ಕುಡಿದು ಬಂದ. ತಮ್ಮನ ಮುಖ ಸಣ್ಣಗಾಯಿತು. ಪಾಪ, ದುಬಾರಿ ಬಾಟ್ಲಿ ಅದು. ಅರ್ಧ ಹಾಗೇ ಉಳಿಯಿತು.

ಅವ್ವ ಇಂಥದ್ದನ್ನು ಮುಟ್ಟುವವಳಲ್ಲ. ಲೋಟ ಎತ್ತಿಡುವಾಗ ಮಾತ್ರ ಒಮ್ಮೆ ಮೂಸಿ ನೋಡಿದಳು. "ವಾಸನಿ ಕೆಟ್ಟಿಲ್ಲ. ಬಿಸಿ ಆಗೇತಿ ಅಷ್ಟ." ಅವತ್ತು ಆ ಮಾತಿಗೆ ಯಾರೂ ಕಿವಿ ಕೊಡಲಿಲ್ಲ.

ಎರಡು ಹೊಲ

ಬಾಟ್ಲಿ ಮೇಲಿದ್ದ ಹೆಸರು ಟೂ ಪ್ಯಾಡಕ್ಸ್. ಪ್ಯಾಡಕ್ ಅಂದರೆ ಬೇಲಿ ಹಾಕಿದ ಹೊಲ. ಅಪ್ಪ ಅವತ್ತಿನಿಂದ ಅದನ್ನು "ಎರಡು ಹೊಲ" ಅಂತಲೇ ಕರೆಯುತ್ತಾನೆ. ಹೆಸರು ಸುಮ್ನೆ ಇಟ್ಟದ್ದಲ್ಲ. ಇದರ ಮಾಲೀಕ ಸ್ಯಾಮ್ ನೀಲ್, ಡೈನೋಸಾರ್ ಸಿನಿಮಾದಲ್ಲಿ ಟೋಪಿ ಹಾಕಿಕೊಂಡು ಮಕ್ಕಳನ್ನು ಕಾಪಾಡುವ ವಿಜ್ಞಾನಿ ಇದ್ದಾನಲ್ಲ, ಆ ನಟ. ಆತನೂ ಆತನ ಗೆಳೆಯ, ಸಿನಿಮಾ ನಿರ್ದೇಶಕ ರಾಜರ್ ಡೊನಾಲ್ಡ್‌ಸನ್ ಕೂಡ, ನ್ಯೂಜಿಲೆಂಡ್‌ನ ಗಿಬ್‌ಸ್ಟನ್ ಅನ್ನೋ ಕಣಿವೆಯಲ್ಲಿ ಅಕ್ಕಪಕ್ಕದ ಹೊಲಗಳಲ್ಲಿ ದ್ರಾಕ್ಷಿ ಹಚ್ಚಿದರು. ಆ ಎರಡು ಹೊಲದಿಂದ ಈ ಹೆಸರು. ನೀಲ್ 1993ರಲ್ಲಿ ಮೊದಲು ಹಚ್ಚಿದ್ದು ಐದು ಎಕರೆ ಪಿನೋ ನ್ವಾರ್. ಮೊದಲ ವೈನ್ ಬಂದದ್ದು 1997ರ ಫಸಲಿನಿಂದ. ಆಮೇಲೆ ಬೇರೆ ಬೇರೆ ಕಡೆ ತೋಟ ಹೆಚ್ಚಿಸಿದ. ತೋಟದ ಕುರಿ, ಹಂದಿ, ಕೋಳಿಗಳಿಗೆ ಸಿನಿಮಾ ಗೆಳೆಯರ ಹೆಸರಿಡುವ ಚಟ ಆತನಿಗೆ. ಅಪ್ಪನಿಗೆ ಇದು ಬಹಳ ಹಿಡಿಸಿತು, ನಮ್ಮ ಹೋರಿಗೂ ಹೀರೋ ಹೆಸರು ಇಟ್ಟಿದ್ದಾನೆ ನೋಡಿ.

ಆ ಸೀಮೆಯ ಹೆಸರು ಸೆಂಟ್ರಲ್ ಒಟಾಗೊ. ಭೂಮಧ್ಯರೇಖೆಯಿಂದ ದಕ್ಷಿಣಕ್ಕೆ 45 ಡಿಗ್ರಿ. 1860ರ ದಶಕದಲ್ಲಿ ಬಂಗಾರ ಹುಡುಕಲು ಮಂದಿ ಮುಗಿಬಿದ್ದ ಜಾಗ. ಹಾಗೆ ಬಂದ ಫೆರೋ ಅನ್ನೋ ಫ್ರೆಂಚ್ ಮನುಷ್ಯ 1864ರಲ್ಲಿ ಕ್ಲೈಡ್ ಊರಿನ ಹತ್ತಿರ ದ್ರಾಕ್ಷಿ ಹಚ್ಚಿದ. ಆಮೇಲೆ ಆ ಕಸುಬು ನಿಂತೇ ಹೋಗಿ, ನೂರು ವರ್ಷದ ಮೇಲೆ ಮತ್ತೆ ಚಿಗುರಿತು. ಮಾರುಕಟ್ಟೆಗೆ ಬಂದ ಅಲ್ಲಿಯ ಮೊದಲ ಪಿನೋ ನ್ವಾರ್ 1987ರ ಫಸಲಿನದು.

ಅಪ್ಪ ಕೇಳಿದ ಮೊದಲ ಪ್ರಶ್ನೆ ರುಚಿಯದ್ದಲ್ಲ. "ಅಲ್ಲಿ ಮಳಿ ಎಷ್ಟು?" ತಮ್ಮ ಹುಡುಕಿ ಹೇಳಿದ: ಅಲೆಕ್ಸಾಂಡ್ರಾ ಊರಿನ ಸುತ್ತ ವರ್ಷಕ್ಕೆ 350 ಮಿಲಿಮೀಟರ್ ಆಸುಪಾಸು. ನಮ್ಮ ವಿಜಯಪುರದ ಮಳೆ 600ರ ಹತ್ತಿರ. ಅಂದರೆ ನಮಗಿಂತ ಒಣ ಸೀಮೆ. ಅವರದ್ದೂ ಡ್ರಿಪ್, ನಮ್ಮದೂ ಡ್ರಿಪ್. ಎತ್ತರದಲ್ಲಂತೂ ನಾವೇ ಮೇಲೆ. ಗಿಬ್‌ಸ್ಟನ್ ಸಮುದ್ರಮಟ್ಟದಿಂದ 400 ಮೀಟರ್ ಆಸುಪಾಸು, ವಿಜಯಪುರ 590 ಮೀಟರ್ ಸುಮಾರು.

ಫರಕು ಇರುವುದು ರಾತ್ರಿಯಲ್ಲಿ. ಅಲ್ಲಿ ಬೇಸಿಗೆ ಹಗಲು 30 ಡಿಗ್ರಿ ಮುಟ್ಟಿದರೂ ರಾತ್ರಿ 10ಕ್ಕೆ ಇಳಿಯುತ್ತದೆ. ಚಳಿಗಾಲದಲ್ಲಿ ಬಳ್ಳಿ ಎಲೆ ಉದುರಿಸಿ ಪೂರ್ತಿ ಮಲಗುತ್ತದೆ. ವಸಂತದಲ್ಲಿ ಚಿಗುರು ಬಂದಾಗ ಇಬ್ಬನಿ ಹೆಪ್ಪುಗಟ್ಟಿ ಸುಟ್ಟುಬಿಡಬಾರದು ಅಂತ ತೋಟದ ಮೇಲೆ ಹೆಲಿಕಾಪ್ಟರ್ ಹಾರಿಸುತ್ತಾರೆ. ಮೇಲಿನ ಬೆಚ್ಚಗಿನ ಗಾಳಿಯನ್ನು ಕೆಳಗೆ ತಳ್ಳುವ ಉಪಾಯ. ಒಂದು ಕಾಲಕ್ಕೆ ಟ್ಯಾಂಕರ್ ನೀರು ಹಾಕಿ ಬಳ್ಳಿ ಉಳಿಸಿಕೊಂಡವನು ಅಪ್ಪ. ಹೆಲಿಕಾಪ್ಟರ್ ಮಾತು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದ. "ದ್ರಾಕ್ಷಿ ಹಚ್ಚಿದಾಂವ ಎಲ್ಲಿದ್ರೂ ನಿದ್ದಿಗೆಟ್ಟಾಂವನ" ಅಂದ.

ನಮ್ಮ ಬಳ್ಳಿಗೆ ನಿದ್ದೆಯೇ ಇಲ್ಲ. ಏಪ್ರಿಲ್‌ನಲ್ಲಿ ಒಂದು ಚಾಟನಿ (ಬಳ್ಳಿ ಕತ್ತರಿಸುವುದು), ಅಕ್ಟೋಬರ್‌ನಲ್ಲಿ ಇನ್ನೊಂದು. ನಾವೇ ಎಬ್ಬಿಸಿ ಕೂಡಿಸುತ್ತೇವೆ. ಒಣದ್ರಾಕ್ಷಿಗೆ ನಮ್ಮ ಥಾಮ್ಸನ್ ತಳಿ ಕಡಿಯುವಾಗ ಸಕ್ಕರೆ 22ರಿಂದ 24 ಬ್ರಿಕ್ಸ್ (ರಸದ ಸಕ್ಕರೆ ಅಳೆಯುವ ಮಾನ) ನೋಡುತ್ತೇವೆ. ಅವರು ಪಿನೋ ಕಡಿಯುವುದೂ 24ರ ಆಸುಪಾಸಿನಲ್ಲೇ. ಅದು ಹುದುಗಿದರೆ ಶೇ. 13.5-14 ಆಲ್ಕೋಹಾಲ್ ಆಗುತ್ತದೆ. ಸಕ್ಕರೆ ಸರಿಸಮ, ಹಾಗಾದರೆ ಬೇರೆ ಏನು? ಹುಳಿ. ದ್ರಾಕ್ಷಿಯಲ್ಲಿ ಮುಖ್ಯವಾಗಿ ಎರಡು ಹುಳಿ ಇವೆ. ಒಂದು ಟಾರ್ಟಾರಿಕ್, ಹುಣಸೆಹಣ್ಣಿನಲ್ಲಿ ಇರುವುದೂ ಅದೇ. ಅದು ಬಿಸಿಲಿಗೆ ಅಷ್ಟು ಬಗ್ಗುವುದಿಲ್ಲ. ಇನ್ನೊಂದು ಮ್ಯಾಲಿಕ್, ಹಸಿರು ಸೇಬಿನ ಹುಳಿ. ಸೆಕೆ ಇದ್ದರೆ ಹಣ್ಣು ಉಸಿರಾಡುತ್ತ ಅದನ್ನು ಸುಟ್ಟುಕೊಳ್ಳುತ್ತದೆ, ರಾತ್ರಿ ತಂಪಿದ್ದರೆ ಉಳಿಸಿಕೊಳ್ಳುತ್ತದೆ. ವೈನ್ ಮಾಡುವಾಗ ಬ್ಯಾಕ್ಟೀರಿಯಾ ಆ ಮ್ಯಾಲಿಕ್ ಹುಳಿಯನ್ನು ಮೊಸರಿನ ಹುಳಿಯಾಗಿ, ಅಂದರೆ ಲ್ಯಾಕ್ಟಿಕ್ ಆಗಿ ಬದಲಿಸುತ್ತವೆ. ನೋಡಿ, ಲೋಟದಲ್ಲಿ ಇದ್ದದ್ದು ಹುಣಸೆಯ ಹುಳಿ ಮತ್ತು ಮೊಸರಿನ ಹುಳಿ. ಎರಡೂ ಅವ್ವನ ಅಡುಗೆಮನೆಯವೇ.

ಪಿನೋ ನ್ವಾರ್ ಸಿಪ್ಪೆ ತೆಳು. ಬಣ್ಣ ಕಡಿಮೆ, ಒಗರೂ ಕಡಿಮೆ. ಲೋಟದ ಆಚೆ ಬೆರಳು ಕಾಣುವಷ್ಟು ತಿಳಿ ಕೆಂಪು. ಇದರ ಬಂಡವಾಳ ವಾಸನೆ ಮತ್ತು ಹುಳಿ, ಅಷ್ಟೇ. ಆ ಎರಡನ್ನೂ ನಾವು ಮೊದಲ ರಾತ್ರಿ ಕೊಂದಿದ್ದೆವು.

ತಪ್ಪು ಯಾರದು

ಮೊದಲ ಅನುಮಾನ ಕಾರಿನ ಡಿಕ್ಕಿ ಮೇಲೆ. ಪ್ರಯಾಣದಲ್ಲಿ ವೈನ್ ಕಾದು ಕೆಟ್ಟಿರಬಹುದು ಅಂತ ಕಾಕಾ ಹಟ ಹಿಡಿದ. ಆದರೆ ಪ್ರಯಾಣ ರಾತ್ರಿಯದ್ದು. ಅದಲ್ಲದೆ ಎರಡನೇ ಬಾಟ್ಲಿಯೂ ಅದೇ ಡಿಕ್ಕಿಯಲ್ಲಿ ಬಂದದ್ದು. ಅದು ಚೆನ್ನಾಗಿದ್ದರೆ ಡಿಕ್ಕಿ ನಿರಪರಾಧಿ.

ಎರಡನೇ ದಿನ ರಾತ್ರಿ ಒಂಬತ್ತಕ್ಕೆ ಹಾಲು ನೋಡುವ ಥರ್ಮಾಮೀಟರ್ ತಂದು ಹಾಲ್‌ನಲ್ಲಿ ಇಟ್ಟೆ. 35 ಡಿಗ್ರಿ. ಆರ್‌ಸಿಸಿ ಮನೆ, ಹಗಲೆಲ್ಲ ಕಾದ ಸ್ಲ್ಯಾಬ್ ರಾತ್ರಿ ಕಾವು ಬಿಡುತ್ತದೆ. ಉಳಿದಿದ್ದ ಅರ್ಧ ಬಾಟ್ಲಿಯೊಳಗೆ ಅದ್ದಿದೆ: 34. ಇದು ನಮ್ಮ "ರೂಮ್ ಟೆಂಪರೇಚರ್". ಆ ಮಾತು ಹುಟ್ಟಿದ್ದು ಯುರೋಪಿನ ಹಳೇ ಕಲ್ಲಿನ ಮನೆಗಳಲ್ಲಿ, ಹೀಟರ್ ಬರುವ ಮುಂಚೆ. ಅಲ್ಲಿಯ ರೂಮ್ 16ರಿಂದ 18 ಡಿಗ್ರಿ. ಪಿನೋದಂಥ ಹಗುರ ವೈನ್‌ಗೆ ಅದೂ ತುಸು ಜಾಸ್ತಿ, 13ರಿಂದ 16 ಇದ್ದರೆ ಸರಿ. ನಾನು ಓದಿದ್ದು ಸುಳ್ಳಲ್ಲ, ಆದರೆ ಅದು ಬೇರೆಯವರ ಮನೆಯ ರೂಮು.

ವೈನ್ ಕಾದಷ್ಟೂ ಆಲ್ಕೋಹಾಲ್ ಜಾಸ್ತಿ ಹಾರಿ ಮೂಗಿಗೆ ಬಡಿಯುತ್ತದೆ. ಹಣ್ಣಿನ ವಾಸನೆ ಅದರ ಹಿಂದೆ ಅಡಗುತ್ತದೆ. ಅಪ್ಪ ಹೇಳಿದ ಸ್ಪಿರಿಟ್ ಇದೇ.

ಬಾಯಿಯ ಉರಿಗೆ ಇನ್ನೊಂದು ಕಾರಣ ಇದೆ, ನನಗೆ ಅತಿ ಸೋಜಿಗ ಅನಿಸಿದ್ದು ಅದೇ. ಮೆಣಸಿನಕಾಯಿಯ ಖಾರ ನಿಜವಾಗಿ ರುಚಿ ಅಲ್ಲ. ಸುಡುವ ಬಿಸಿಯನ್ನು ಹಿಡಿಯುವ ನರದ ಗುಂಡಿಯನ್ನೇ ಅದು ಒತ್ತುತ್ತದೆ. ಆ ಗುಂಡಿ ಮಾಮೂಲಿಯಾಗಿ 42 ಡಿಗ್ರಿ ಸುಮಾರಿಗೆ ಒತ್ತಿಕೊಳ್ಳುತ್ತದೆ. ಆಲ್ಕೋಹಾಲ್ ತಾಗಿದರೆ ಆ ಗಡಿ 34ರ ಹತ್ತಿರಕ್ಕೆ ಇಳಿಯುತ್ತದೆ. ನಮ್ಮ ಬಾಯಿಯ ಬಿಸಿಯೇ 37! ಈಗ ಲೆಕ್ಕ ಹಾಕಿ: ರಂಜಕ ಒಂದು ಕಡೆ, ಆಲ್ಕೋಹಾಲ್ ಒಂದು ಕಡೆ, ಮೇಲೆ 34 ಡಿಗ್ರಿಯ ವೈನ್. ಮೂರೂ ಒಂದೇ ಗುಂಡಿಯ ಮೇಲೆ. ಕಾಕಾ ಓಡಿಹೋಗದೆ ಏನು ಮಾಡಿಯಾನು? ಮಜ್ಜಿಗೆ ಕುಡಿದದ್ದು ಮಾತ್ರ ಜಾಣತನ. ಖಾರದ ಅಂಶ ನೀರಲ್ಲಿ ಕರಗುವುದಿಲ್ಲ, ಹಾಲು ಮೊಸರಿನ ಕೇಸೀನ್ ಅನ್ನೋ ಪ್ರೋಟೀನ್ ಅದನ್ನು ಹಿಡಿದು ಎಳೆಯುತ್ತದೆ.

ಸ್ಟೀಲ್ ಲೋಟದ್ದೂ ಸಣ್ಣ ಪಾಲಿದೆ. ಅಂಗೈಯ ಕಾವು ಸೀದಾ ಒಳಗೆ ಹೋಗುತ್ತದೆ.

ಎಂಟನೇ ದಿನ

ಎರಡನೇ ಬಾಟ್ಲಿಯನ್ನು ಅವ್ವ ಮರುದಿನವೇ ಹಳೇ ಮನೆಗೆ ಸಾಗಿಸಿದ್ದಳು. ಅದು ಮಣ್ಣಿನ ಮಾಳಿಗೆಯ ಮನೆ, ಗೋಡೆ ಒಂದೂವರೆ ಮೊಳ ದಪ್ಪ. ಈಗ ಜೋಳದ ಚೀಲ ಇಡಲು ಮಾತ್ರ. ಹೊರಗೆ 41 ಇದ್ದಾಗ ಅಲ್ಲಿ ಒಳಗೆ 29. ಐವತ್ತು ಹೆಜ್ಜೆ ದೂರದಲ್ಲಿ ಎರಡು ರೂಮ್ ಟೆಂಪರೇಚರ್!

ಅವತ್ತು ಸಂಜೆ ಕರೆಂಟ್ ಹೋಯಿತು. ಫ್ರಿಜ್ ನಂಬುವಂತಿರಲಿಲ್ಲ. ಅವ್ವ ತನ್ನ ದಾರಿ ಹಿಡಿದಳು. ಅಪ್ಪನ ಹಳೇ ಧೋತರದ ತುಂಡು ನೆನೆಸಿ, ಹಿಂಡದೆ, ಬಾಟ್ಲಿಗೆ ಎರಡು ಸುತ್ತು ಸುತ್ತಿದಳು. ನೀರಿನ ಹರವಿ (ಮಣ್ಣಿನ ಗಡಿಗೆ) ಇಡುವ ಒದ್ದೆ ಉಸುಕಿನಲ್ಲಿ ಅದನ್ನು ಅರ್ಧ ಹೂತು, ಗಾಳಿ ಹಾಯುವ ಕಿಟಕಿ ಬುಡಕ್ಕೆ ಇಟ್ಟಳು. ಅರ್ಧ ತಾಸಿಗೊಮ್ಮೆ ಒಂದು ಚೊಂಬು ನೀರು. ನಮ್ಮ ಏಪ್ರಿಲ್ ಗಾಳಿ ಎಷ್ಟು ಒಣದು ಅಂದರೆ ಬಟ್ಟೆಯ ನೀರು ಕಣ್ಣೆದುರೇ ಆರುತ್ತದೆ, ಆರುವಾಗ ಕಾವನ್ನು ಹೊತ್ತೊಯ್ಯುತ್ತದೆ. ಎರಡು ತಾಸು ಬಿಟ್ಟು ಧೋತರ ಬಿಚ್ಚಿದಾಗ ಗಾಜು ಮುಟ್ಟಿದರೆ ಹರವಿ ಹೊಟ್ಟೆ ಮುಟ್ಟಿದ ಹಾಗಿತ್ತು. ಕರಾವಳಿಯಲ್ಲಿ ಈ ಆಟ ನಡೆಯುವುದಿಲ್ಲ, ಅಲ್ಲಿ ಬಟ್ಟೆಯೇ ಒಣಗುವುದಿಲ್ಲ.

ಮುಚ್ಚಳ ತೆಗೆದು ಥರ್ಮಾಮೀಟರ್ ಅದ್ದಿದೆ: 24. ಒದ್ದೆ ಬಟ್ಟೆಯಿಂದ ಇದಕ್ಕಿಂತ ಕೆಳಗೆ ಹೋಗುವುದು ಕಷ್ಟ. ಉಳಿದ ಹತ್ತು ಡಿಗ್ರಿಗೆ ಸೋಡಾ ಅಂಗಡಿಯಿಂದ ಬರ್ಫ ತಂದೆವು. ಬಕೆಟ್‌ನಲ್ಲಿ ಬರ್ಫ, ಮುಳುಗುವಷ್ಟು ನೀರು, ಒಂದು ಹಿಡಿ ಕಲ್ಲುಪ್ಪು. ಬರೀ ಬರ್ಫ ಹಾಕಿದರೆ ಸಂದಿನಲ್ಲಿ ಗಾಳಿ ಉಳಿದು ತಡವಾಗುತ್ತದೆ, ನೀರು ಬೇಕೇ ಬೇಕು. ಹತ್ತು ಹನ್ನೆರಡು ನಿಮಿಷ. 14 ಡಿಗ್ರಿ.

ಈ ಸಲ ಗಾಜಿನ ಲೋಟ, ಕಾಲು ಭಾಗ ಮಾತ್ರ. ತುಂಬಾ ಹಾಕಿದರೆ ಕುಡಿಯುವಷ್ಟರಲ್ಲಿ ಮತ್ತೆ ಕಾಯುತ್ತದೆ. ಬಾಟ್ಲಿ ಬಕೆಟ್ ಪಕ್ಕದಲ್ಲೇ ಇರಲಿ.

ಅಪ್ಪ ಮೂಸಿದ. ಮತ್ತೆ ಮೂಸಿದ. ಕುಡಿದು ನಾಲಿಗೆ ಚಪ್ಪರಿಸಿದ. "ನೇರಳಿಹಣ್ಣು" ಅಂದ. ನನಗೆ ಮಳೆ ಬಿದ್ದ ಮೇಲಿನ ಎರೆ ಮಣ್ಣು ನೆನಪಾಯಿತು. ಹಣ್ಣಿನ ಹಿಂದೆ ಹುಳಿ, ಹುಳಿಯ ಹಿಂದೆ ಚೂರು ಹೊಗೆ. ಡಿಕ್ಕಿ ನಿರಪರಾಧಿ ಅಂತ ಕಾಕಾ ಒಪ್ಪಿಕೊಂಡ.

ತಟ್ಟೆಯಲ್ಲಿ

ಊಟವನ್ನೂ ಬದಲಿಸಿದ್ದೆವು. ಮಟನ್ ಮಾಡಿದ್ದು ಕರಿಮೆಣಸು, ಕಂದು ಬಣ್ಣ ಬರುವ ತನಕ ಹುರಿದ ಉಳ್ಳಾಗಡ್ಡಿ, ಬಣ್ಣಕ್ಕಷ್ಟೇ ಬ್ಯಾಡಗಿ ಮೆಣಸಿನಕಾಯಿ ಹಾಕಿ. ವೈನ್ ಹುಳಿ ಅದರ ಕೊಬ್ಬನ್ನು ಕತ್ತರಿಸಿ ಬಾಯಿ ತೊಳೆದ ಹಾಗೆ ಮಾಡಿತು. ಚೆನ್ನಾಗಿತ್ತು. ಆದರೆ ಅವತ್ತು ಗೆದ್ದದ್ದು ಮಟನ್ ಅಲ್ಲ.

ಗೆದ್ದದ್ದು ಎಣ್ಣೆಗಾಯಿ. ಎಳೇ ಬದನೆಕಾಯಿಗೆ ಹುರಿದ ಶೇಂಗಾ, ಗುರೆಳ್ಳು, ಒಣಕೊಬ್ಬರಿಯ ಪುಡಿ ತುಂಬಿ, ಖಾರ ಅರ್ಧಕ್ಕೆ ಇಳಿಸಿ, ಸಣ್ಣ ಉರಿಯಲ್ಲಿ ಬೇಯಿಸಿದ್ದಳು ಅವ್ವ. ಗುರೆಳ್ಳಿಗೆ ಒಂದು ಕಪ್ಪು, ಮಣ್ಣಿನಂಥ ವಾಸನೆ ಇದೆ. ಪಿನೋದಲ್ಲೂ ಅದೇ ನೆಂಟಸ್ತನದ ವಾಸನೆ. ಬದನೆಕಾಯಿಯ ಮೆತ್ತಗಿನ ತಿರುಳು, ಶೇಂಗಾ ಎಣ್ಣೆ, ಅದರ ಮೇಲೆ ಒಂದು ಗುಟುಕು ತಣ್ಣನೆ ಹುಳಿ. ಜೊತೆಗೆ ಬಿಸಿ ರೊಟ್ಟಿ, ಹೆಂಚಿನ ಮೇಲೆ ಕಪ್ಪು ಚುಕ್ಕೆ ಬಿದ್ದದ್ದು. ಆ ಸುಟ್ಟ ಚುಕ್ಕೆಯೂ ವೈನ್‌ನ ಹೊಗೆಗೆ ಕೂಡಿಕೊಂಡಿತು. ಬರೀ ರೊಟ್ಟಿ, ಬೆಣ್ಣೆ, ವೈನ್ ಕೊಟ್ಟಿದ್ದರೂ ನಾನು ಎದ್ದು ಹೋಗುತ್ತಿರಲಿಲ್ಲ.

ಉಪ್ಪು ಹಾಕಿ ಹುರಿದ ಶೇಂಗಾ ಕೂಡ ಸೈ. ಉಪ್ಪು ಒಗರನ್ನು ಅಡಗಿಸುತ್ತದೆ. ಕೆನೆ ಮೊಸರಲ್ಲಿ ಕಲಸಿದ ಶೇಂಗಾ ಹಿಂಡಿ ಹೊಂದಿಕೊಂಡಿತು. ಪುಂಡಿಪಲ್ಯ ಸೋಲಿಸಿತು. ಅದರ ಹುಳಿ ವೈನ್ ಹುಳಿಗಿಂತ ಜಾಸ್ತಿ, ಅದನ್ನು ತಿಂದ ಮೇಲೆ ವೈನ್ ಸಪ್ಪೆ ನೀರು. ಜುಣಕ ಅಷ್ಟಕ್ಕಷ್ಟೆ.

ಕೊನೆಗೆ ಶೇಂಗಾ ಹೋಳಿಗೆ ಬಂತು. ತಮ್ಮ ಬೇಡ ಬೇಡ ಅಂದರೂ ಕಾಕಾ ಅದರ ಮೇಲೆ ವೈನ್ ಕುಡಿದು ಮುಖ ಸಿಂಡರಿಸಿದ. ಬೆಲ್ಲದ ಸಿಹಿ ತಿಂದ ನಾಲಿಗೆಗೆ ವೈನ್ ಹಸಿ ಹುಣಸೆಕಾಯಿ ಆಗುತ್ತದೆ. ನಮ್ಮದೇ ಒಣದ್ರಾಕ್ಷಿಯ ಜೊತೆಗೂ ಇದೇ ಗತಿ, ಅಪ್ಪನಿಗೆ ಇದು ಸ್ವಲ್ಪ ಬೇಜಾರು. ರಂಜಕವನ್ನು ಮಾತ್ರ ಅವತ್ತು ಯಾರೂ ತಟ್ಟೆಗೆ ಹಾಕಿಕೊಳ್ಳಲಿಲ್ಲ. ಅದಕ್ಕೆ ಈ ವೈನ್‌ನಲ್ಲಿ ಜೋಡಿ ಇಲ್ಲ. ಎಷ್ಟು ತಣ್ಣಗೆ ಮಾಡಿದರೂ ಅದರ ಜೋಡಿ ಮಜ್ಜಿಗೆಯೇ.

"ನಮ್ಮಲ್ಲೂ ಇದನ್ನ ಹಚ್ಚಬಹುದೇನು?" ಅಂತ ತಮ್ಮ ಕೇಳಿದ. ಕರ್ನಾಟಕ ಸರ್ಕಾರದ 2007ರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಬಂದಾಗ ನಮ್ಮ ಸೀಮೆಯಲ್ಲೂ ವೈನ್ ತಳಿಯ ಮಾತು ಎದ್ದಿತ್ತು. ಇಲ್ಲಿಗೆ ಹತ್ತಿರದ ಸೊಲ್ಲಾಪುರ ಜಿಲ್ಲೆಯ ಅಕ್ಲುಜದಲ್ಲಿ ಸಾಂಜೊವೇಸೆ, ಕ್ಯಾಬರ್ನೆ ಬೆಳೆದು ವೈನ್ ಮಾಡುತ್ತಾರೆ. ಅವು ಬಿಸಿಲು ತಾಳುವ ತಳಿ, ಒಗರು ಜಾಸ್ತಿ. ಅವನ್ನು ತೀರಾ ತಣ್ಣಗೆ ಮಾಡಿದರೆ ಒಗರು ಇನ್ನೂ ಎದ್ದು ಕಾಣುತ್ತದೆ, 17-18 ಸಾಕು. ಪಿನೋ ಬೇಗ ಹಣ್ಣಾಗುವ ತಳಿ. ನಮ್ಮ ಸೆಕೆಗೆ ಸಕ್ಕರೆ ಓಡಿಬಿಡುತ್ತದೆ, ಹುಳಿ ಬಿದ್ದುಹೋಗುತ್ತದೆ, ತೆಳು ಸಿಪ್ಪೆ ಸುಡುತ್ತದೆ. ಅಪ್ಪ ಇದಕ್ಕೂ ಮುಂಚೆಯೇ ಬೇರೆ ಲೆಕ್ಕ ಮುಗಿಸಿದ್ದ. ಒಳ್ಳೇ ಪಿನೋ ಅಂದರೆ ಎಕರೆಗೆ ಎರಡು ಟನ್ ಸುಮಾರು. ನಮ್ಮ ಥಾಮ್ಸನ್ ಎಂಟು ಹತ್ತು ಟನ್. "ಅಂವಗ ಸಿನಿಮಾದ ರೊಕ್ಕ ಐತಿ" ಅಂದ, ಲೋಟ ಮುಂದೆ ಚಾಚುತ್ತ.

ಬಾಟ್ಲಿ ಆ ರಾತ್ರಿಯೇ ಖಾಲಿ. ತೊಳೆದು ಒಣಗಿಸಿ ಅವ್ವ ಅದಕ್ಕೆ ಕುಸುಬಿ ಎಣ್ಣೆ ತುಂಬಿದ್ದಾಳೆ. ತಿರುಗಿಸುವ ಮುಚ್ಚಳ ನೋಡಿ, ಒಂದು ಹನಿ ಸೋರುವುದಿಲ್ಲವಂತೆ. ಕಾರ್ಕ್ ತೆಗೆಯುವ ಸ್ಕ್ರೂ ಇನ್ನೂ ಅಲಮಾರಿ ಮೇಲೆ ಇದೆ.